ತಲೆಗೆ ಎಷ್ಟಾಗುತ್ತೆ?

ನಮ್ಮ ಗೆಳೆಯರ ಗುಂಪಲ್ಲಿ ಟ್ರಿಪ್ಪಿನ ಲೆಕ್ಕ ಹಾಕೋ ಕೆಲಸ ನಂದು. ಎಕ್ಸೆಲ್ ಶೀಟಲ್ಲಿ ಬಸ್ಸು, ರೂಮು, ಊಟ ಅಂತ ಸಾಲು ಸಾಲಾಗಿ ಬರೆದು, ಏಳರಿಂದ ಭಾಗಿಸಿ, 'ತಲೆಗೆ ಇಷ್ಟು' ಅಂತ ಗ್ರೂಪಿಗೆ ಹಾಕೋದರಲ್ಲಿ ನನಗೇನೋ ಖುಷಿ. ಏಳೂ ಜನ ಒಂದೇ ಕಾಲೇಜಲ್ಲಿ ಬಿಇ ಮಾಡಿದವರು. ಬೆಂಗಳೂರಿಗೆ ಬಂದ ಹೊಸದರಲ್ಲಿ ಬೊಮ್ಮನಹಳ್ಳಿಯ ಒಂದೇ ಪಿಜಿಯಲ್ಲಿ ಇದ್ದವರು. ಈಗ ಒಬ್ಬ ಎಚ್‌ಎಸ್‌ಆರ್ ಲೇಔಟಲ್ಲಿ ಫ್ಲ್ಯಾಟ್ ತಗೊಂಡಿದ್ದಾನೆ, ಇನ್ನೊಬ್ಬ ಜೆಪಿ ನಗರ ಸೇರಿದ. ನಾನು ಬೇಗೂರು ರಸ್ತೆಯ ಬಾಡಿಗೆ ಮನೆಯಲ್ಲೇ ಉಳಿದೆ.

2023ರ ಕೊನೆಯಲ್ಲಿ ಯಾರೋ 'ಫೆಬ್ರವರಿಗೆ ಸ್ಕೀಯಿಂಗ್ ಹೋಗೋಣ' ಅಂದರು. ಮೊದಲು ಎಲ್ಲರೂ ನಕ್ಕೆವು. ಮಂಡ್ಯ, ಹಾಸನ, ತುಮಕೂರು ಕಡೆಯವರು ನಾವು. ಹಿಮ ಅಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುತ್ತಲ್ಲ, ಅಷ್ಟೇ ಗೊತ್ತು. ಆಮೇಲೆ ಒಬ್ಬ, 'ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಕೀಯಿಂಗಲ್ಲಿ ಇಂಡಿಯಾ ಪರವಾಗಿ ಆಡ್ತಾರೆ ಕಣ್ರೋ, ನಾವು ಬೀಳೋಕಾದ್ರೂ ಹೋಗ್ಬೋದಲ್ವಾ?' ಅಂದ. ಸರಿ, ಶೀಟು ತೆರೆದೆ.

ಸ್ವಿಟ್ಜರ್ಲೆಂಡಿನ ಮಾತು ಬಿಡಿ. ಗುಲ್ಮಾರ್ಗ್ ಅಂದರೆ ಶ್ರೀನಗರದವರೆಗೆ ವಿಮಾನ, ಅಲ್ಲಿನ ಹೋಟೆಲ್ಲು, ಗೊಂಡೋಲಾ. ಉಳಿದದ್ದು ಉತ್ತರಾಖಂಡದ ಔಲಿ. 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀಯಿಂಗ್ ನಡೆದದ್ದು ಅಲ್ಲೇ. ಸ್ಕೀ, ಬೂಟು ಎಲ್ಲಾ ಬಾಡಿಗೆಗೆ ಸಿಗುತ್ತೆ. ಹೋಗುವಾಗ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಸ್ಲೀಪರಲ್ಲಿ ಎರಡು ರಾತ್ರಿ, ದೆಹಲಿಯಿಂದ ಋಷಿಕೇಶಕ್ಕೆ ಬಸ್ಸು, ಅಲ್ಲಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್ ಜೀಪು. ವಾಪಸ್ ಬರುವಾಗ ಮಾತ್ರ ವಿಮಾನ. ಉಜ್ಜಿ ಉಜ್ಜಿ ತಲೆಗೆ 24,000ಕ್ಕೆ ತಂದು ನಿಲ್ಲಿಸಿ, ಶೀಟಿಗೆ 'ಬಡವರ ಸ್ವಿಟ್ಜರ್ಲೆಂಡ್' ಅಂತ ಹೆಸರಿಟ್ಟೆ. ಐದು ಜನ ತಕ್ಷಣ ಥಂಬ್ಸ್ ಅಪ್ ಒತ್ತಿದರು. ಹಾಸನದ ಕಡೆಯವನು ಮಾತ್ರ ಎರಡು ದಿನ ಬಿಟ್ಟು, 'ರಜೆ ಸಿಗೋದು ಡೌಟು ಮಗಾ' ಅಂದ. ಅವನ ಕಾಲೆಳೆದೆವು. 'ನಿಮ್ಮ ಮ್ಯಾನೇಜರ್ ಹತ್ರ ನಾವ್ ಮಾತಾಡ್ಲಾ?' ಅಂದೆವು. ಮರುದಿನ 'ಸರಿ' ಅಂತ ಬರೆದ.

ಆ 'ಸರಿ'ಯನ್ನ ನಾನು ಓದಿದ್ದು ತಪ್ಪಾಗಿ.

ಹೋದೆವು, ಚೆನ್ನಾಗಿತ್ತು. ಜೋಶಿಮಠದಿಂದ ಔಲಿಗೆ ಹೋಗೋ ರೋಪ್‌ವೇ 2023ರ ಜನವರಿಯಿಂದ ನಿಂತೇ ಇತ್ತು. ಆ ತಿಂಗಳು ಊರಿನ ನೂರಾರು ಮನೆಗಳ ಗೋಡೆ ಬಿರುಕು ಬಿಟ್ಟು, ಜನ ರಾತ್ರೋರಾತ್ರಿ ಮನೆ ಖಾಲಿ ಮಾಡಿದ್ದು ನೀವೂ ಟೀವಿಯಲ್ಲಿ ನೋಡಿರುತ್ತೀರಿ. ಊರು ನಿಂತಿರೋದೇ ಹಳೇ ಭೂಕುಸಿತದ ಮಣ್ಣಿನ ಮೇಲೆ, ಭಾರೀ ಕಟ್ಟಡ ಬೇಡ ಅಂತ 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ನಾವು ಉಳಿದ ಮನೆಯ ಗೋಡೆಯಲ್ಲೂ ಸಿಮೆಂಟು ತುಂಬಿದ ಒಂದು ಗೆರೆ ಇತ್ತು. ಆ ಮನೆಯವರ ಹತ್ತಿರ ನಾನು ಚೌಕಾಸಿ ಮಾಡಿ ರೂಮಿಗೆ ದಿನಕ್ಕೆ 300 ರೂಪಾಯಿ ಇಳಿಸಿದೆ. ಜನ ಬರೋದೇ ಕಮ್ಮಿಯಾಗಿದ್ದ ವರ್ಷ ಅದು. ಅವರೂ 'ಸರಿ' ಅಂದರು. ನಾನು ಹೆಮ್ಮೆಯಿಂದ ಶೀಟು ತಿದ್ದಿದೆ.

ಮೊದಲ ದಿನ ಏಳೂ ಜನ ಬಿದ್ದೆವು. ಹೇಳಿಕೊಡುವ ಹುಡುಗ ಸ್ಕೀಗಳ ತುದಿಯನ್ನ ಒಳಕ್ಕೆ ಸೇರಿಸಿ ಪಿಜ್ಜಾ ತುಂಡಿನ ಹಾಗೆ ಹಿಡಿಯಿರಿ, ವೇಗ ಕಡಿಮೆಯಾಗುತ್ತೆ ಅಂತ ಕಿರುಚುತ್ತಿದ್ದ. ಎದುರಿಗೆ ನಂದಾದೇವಿ. ಹಾಸನದವನು ನಮ್ಮೆಲ್ಲರಿಗಿಂತ ಬೇಗ ಕಲಿತ, ಚಿಕ್ಕ ಹುಡುಗನ ಹಾಗೆ ಕೂಗಿದ. ಎರಡನೇ ದಿನ 'ಮಂಡಿ ನೋವು' ಅಂತ ಸ್ಕೀ ಬಾಡಿಗೆಗೆ ತಗೊಳ್ಳಲೇ ಇಲ್ಲ. ಟೀ ಅಂಗಡಿಯಲ್ಲಿ ಕೂತು ನಮ್ಮ ವಿಡಿಯೋ ಮಾಡಿದ. ಸಂಜೆ ಇಳಿಯುವಾಗ ಎಲ್ಲರಿಗಿಂತ ಮುಂದೆ ಅವನೇ ನಡೆದ. ಆಗಲೂ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಜೂನಲ್ಲಿ, ಅವರ ಊರಿಗೆ ಹೋದಾಗ. ಅವರಮ್ಮ ರೊಟ್ಟಿ ಬಡಿಸುತ್ತಾ ಖುಷಿಯಿಂದಲೇ ಹೇಳಿದರು: 'ಹಿಮ ನೋಡ್ಕೊಂಡ್ ಬಂದ ಕಣಪ್ಪ ನನ್ ಮಗ. ಮೋಟ್ರು ಸುಟ್ಟೋಗಿತ್ತು, ಹೊಸದು ಮುಂದಿನ ವರ್ಷ ನೋಡಾಣ, ಈಗ ರೀವೈಂಡಿಂಗ್ ಮಾಡ್ಸಿ ನಡೆಸಿ ಅಂದ. ಏಪ್ರಿಲಲ್ಲಿ ಮತ್ತೆ ಸುಟ್ಟೋಯ್ತು. ಟೊಮೇಟೊ ಒಣಗ್ತು. ಹೋಗ್ಲಿ ಬುಡು, ವಯಸ್ನಾಗ್ ನೋಡ್ದೆ ಇನ್ಯಾವಾಗ್ ನೋಡಾದು?'

ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. 2023ರಲ್ಲಿ ಸರ್ಕಾರ 223 ತಾಲ್ಲೂಕುಗಳಲ್ಲಿ ಬರ ಅಂತ ಘೋಷಿಸಿತ್ತು. ನಮ್ಮಪ್ಪನೂ ರೈತ, ನಮ್ಮ ತಾಲ್ಲೂಕೂ ಅದರಲ್ಲಿತ್ತು. ಆದರೆ ನಮ್ಮ ಮನೆಗೆ ನಾಲೆ ನೀರಿನ ಜಮೀನಿದೆ, ತಂಗಿ ಮದುವೆ ಸಾಲವಿಲ್ಲ. ಅವನಿಗೆ ಎರಡೂ ತಿರುಗುಮುರುಗು. ಅವನ ಸಿಟಿಸಿ ಎಷ್ಟು ಅಂತ ನನಗೆ ಗೊತ್ತಿತ್ತು. ಆ ಸಂಬಳ ಯಾವ ಯಾವ ಮನೆಗೆ ಹಂಚಿ ಹೋಗುತ್ತೆ ಅಂತ ಗೊತ್ತಿರಲಿಲ್ಲ.

ಇದರಲ್ಲಿ ನನ್ನ ತಪ್ಪೇನು? ಅವನು ಮೂವತ್ತು ದಾಟಿದ ಗಂಡಸು, 'ಆಗಲ್ಲ' ಅನ್ನಬಹುದಿತ್ತು. ಈ ವಾದವನ್ನ ನಾನು ನನಗೇ ಬಹಳ ಸಲ ಹೇಳಿಕೊಂಡಿದ್ದೇನೆ. ಆದರೆ ಎರಡನೇ ಸೆಮಿಸ್ಟರಲ್ಲಿ ಇದೇ ಹುಡುಗರು ಊಟಿಗೆ ಹೊರಟಾಗ, ತಲೆಗೆ 1,800 ಅಂದಾಗ, ನಾನು 'ಅಜ್ಜಿ ತಿಥಿ ಇದೆ' ಅಂದಿದ್ದೆ. ಅಜ್ಜಿ ಆಗ ಊರಲ್ಲಿ ಗಟ್ಟಿಮುಟ್ಟಾಗಿ ಸೊಪ್ಪು ಕೀಳುತ್ತಿದ್ದರು. 'ರಜೆ ಸಿಗೋದು ಡೌಟು' ಅನ್ನೋ ಭಾಷೆ ನನ್ನದೇ ಮಾತೃಭಾಷೆ. ಅದನ್ನ ಮರೆತೆನಲ್ಲ, ತಪ್ಪು ಅದು.

ಹಾಗಾದರೆ ಏನು ಮಾಡಬೇಕಿತ್ತು? ಅವನನ್ನ ಕರೆಯದೇ ಹೋಗಬಹುದಿತ್ತು. ಅದು ಅವಮಾನ. ಅವನ ಪಾಲು ನಾವು ಆರು ಜನ ಹಾಕಬಹುದಿತ್ತು. ಅದು ಉಪಕಾರ, ಗೆಳೆತನದ ಮಧ್ಯೆ ಒಮ್ಮೆ ಉಪಕಾರ ಬಂದು ಕೂತರೆ ಏಳಿಸೋದು ಕಷ್ಟ.

ನಮ್ಮೂರಲ್ಲಿ ಮುಯ್ಯಿ ಅಂತ ಒಂದು ಪದ್ಧತಿ ಇದೆ. ನಾಟಿ ಕಾಲದಲ್ಲಿ ಇವತ್ತು ನೀವು ನಮ್ಮ ಗದ್ದೆಗೆ, ನಾಳೆ ನಾವು ನಿಮ್ಮ ಗದ್ದೆಗೆ. ಮದುವೆಯಲ್ಲಿ ಒಬ್ಬ ಹಣ ಓದಿಸುತ್ತಾನೆ, ಒಬ್ಬ ಅಕ್ಕಿ ಮೂಟೆ ತರುತ್ತಾನೆ, ಏನೂ ಇಲ್ಲದವನು ಮೂರು ದಿನ ಒಲೆ ಮುಂದೆ ನಿಲ್ಲುತ್ತಾನೆ. ಅದನ್ನ ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ, ಬಂದ ಮುಯ್ಯಿ ತೀರಿಸೋಕೆ ನಮ್ಮಪ್ಪ ಸಾಲ ಮಾಡಿದ್ದೂ ಇದೆ. ಆದರೆ ಅಲ್ಲಿ ಯಾರ ಜಮೀನು ಎಷ್ಟು, ಯಾರ ಬಾವಿ ಬತ್ತಿದೆ ಅಂತ ಎಲ್ಲರಿಗೂ ಗೊತ್ತು. ಯಾರೂ ಬಾಯಿಬಿಟ್ಟು 'ಆಗಲ್ಲ' ಅನ್ನಬೇಕಾಗಿಲ್ಲ. ನನ್ನ ಶೀಟಿನಲ್ಲಿ ಎಲ್ಲರೂ ಸಮ, ಏಳರಲ್ಲಿ ಒಂದು. ಭಾಗಾಕಾರ ಸರಿಯಾಗೇ ಇತ್ತು.

ಕೊನೆಗೆ ಅವನನ್ನೇ ಕೇಳಿದೆ. ಹೊಸೂರು ರಸ್ತೆಯ ದರ್ಶಿನಿಯೊಂದರಲ್ಲಿ, ಕಾಫಿ ಲೋಟ ಹಿಡಿದು ನಿಂತಿದ್ದಾಗ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೋಗಿದ್ದಕ್ಕೆ ಬೇಜಾರಿಲ್ಲ ಮಗಾ. ದುಡ್ಡಿದ್ಯಾ ಅಂತ ನೀನು ಕೇಳಿದ್ದಿದ್ರೆ ನಾನು ಬರ್ತಾನೇ ಇರ್ಲಿಲ್ಲ. ಆ ಒಂದು ದಿನ ಮಿಸ್ ಆಗ್ತಿತ್ತು' ಅಂದ. ಆಮೇಲೆ, 'ಆದ್ರೆ ಎರಡ್ನೇ ದಿನ ಟೀ ಅಂಗಡೀಲಿ ಕೂತಿದ್ದು ಮಾತ್ರ ಬೇಡಾಗಿತ್ತು' ಅಂದ.

ಈ ಎರಡು ಮಾತನ್ನ ಒಟ್ಟಿಗೆ ಇಟ್ಟುಕೊಂಡು ತುಂಬ ಯೋಚನೆ ಮಾಡಿದೆ. ನಾವು ಮೊದಲು ಜಾಗ ಗೊತ್ತು ಮಾಡುತ್ತೇವೆ, ಆಮೇಲೆ ಬೆಲೆ ಇಳಿಸುತ್ತೇವೆ, ಕೊನೆಗೆ 'ಬರ್ತೀಯಾ?' ಅಂತ ಕೇಳುತ್ತೇವೆ. ಅಷ್ಟರಲ್ಲಿ ಕಮ್ಮಿ ಇದ್ದವನಿಗೆ ಉಳಿಯೋದು ಸುಳ್ಳು ಅಥವಾ ಸಾಲ. ಗುಲ್ಮಾರ್ಗಿಗೆ ಹೋಲಿಸಿದರೆ ಔಲಿ ಅಗ್ಗ, ನಿಜ. ಸುಟ್ಟ ಮೋಟರಿಗೆ ಹೋಲಿಸಿ ನೋಡಬೇಕಿತ್ತು.

ಈಗ ಕ್ರಮ ಬದಲಾಯಿಸಿದ್ದೇನೆ. ಜಾಗದ ಹೆಸರು ಎತ್ತೋ ಮೊದಲು ಒಬ್ಬೊಬ್ಬರಿಗೇ ಬೇರೆ ಬೇರೆ ಮೆಸೇಜ್ ಹಾಕುತ್ತೇನೆ: 'ಈ ವರ್ಷ ಸುತ್ತಾಟಕ್ಕೆ ಎಷ್ಟು ಇಡಬಹುದು? ಯಾರಿಗೂ ಹೇಳಲ್ಲ.' ಏಳರಲ್ಲಿ ಅತಿ ಚಿಕ್ಕ ಅಂಕಿ ಯಾವುದೋ ಅದೇ ತಲೆಗೆ ಎಷ್ಟು ಅನ್ನೋದಕ್ಕೆ ಉತ್ತರ. ಜಾಗ ಆಮೇಲೆ. ಹೋದ ಸಲ ಆ ಅಂಕಿ 3,500 ಬಂತು, ಶೃಂಗೇರಿ, ಕುದುರೆಮುಖದ ಕಡೆ ಹೋಗಿ ಬಂದೆವು. ಮಳೆಯಲ್ಲಿ ನೆನೆದೆವು, ಜಿಗಣೆ ಕಚ್ಚಿಸಿಕೊಂಡೆವು. ಎಚ್‌ಎಸ್‌ಆರ್ ಗೆಳೆಯ 'ಇಷ್ಟು ಚೀಪಾಗ್ಯಾಕೆ ಬಂತು?' ಅಂತ ಗೊಣಗಿದ. ನಾನು ಉತ್ತರ ಕೊಡಲಿಲ್ಲ.

ಅಂದಹಾಗೆ, ಆ 3,500 ಹಾಸನದವನದ್ದಲ್ಲ. ಯಾರದ್ದು ಅಂತ ಹೇಳಲ್ಲ. ಆದರೆ ಆ ಮೆಸೇಜ್ ನೋಡಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹತ್ತು ವರ್ಷದಿಂದ ಶೀಟು ಹಾಕುತ್ತಿದ್ದೇನೆ, ಅವನೂ ಪ್ರತಿ ಸಲ 'ಸರಿ' ಅಂದಿದ್ದಾನೆ.