ಪೊರಕೆ ಯಾರಿಗೆ, ಟೆಸ್ಟರ್ ಯಾರಿಗೆ?

ಸೂರ್ಯನಿಗೆ ಜಾತಿಯಿಲ್ಲ. ಊರಿನ ಹೆಂಚಿನ ಮೇಲೂ ಕೇರಿಯ ತಗಡಿನ ಮೇಲೂ ಅದೇ ಬಿಸಿಲು. ಆದರೆ ಆ ಬಿಸಿಲನ್ನು ಹಿಡಿದು ಕರೆಂಟು ಮಾಡುವ ಕೆಲಸಕ್ಕೆ ಜಾತಿ ಇದೆಯೋ ಇಲ್ಲವೋ? ಇದನ್ನು ನಾವು ಕೇಳಲೇಬೇಕಾಗಿದೆ.

ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡಿ. ಮಳೆ ಕೈಕೊಟ್ಟು ಕೈಕೊಟ್ಟು ಬಳಲಿದ ತಾಲ್ಲೂಕು. ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದಿತು. 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ಣ. ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಪಹಣಿಯಲ್ಲಿ ಹೆಸರಿದ್ದವರಿಗೆ ದುಡ್ಡು ಬಂತು, ಒಳ್ಳೆಯದೇ. ಹೆಸರಿಲ್ಲದವರು? ಅದೇ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು, ಕುರಿ ಮೇಯಿಸಿ ಬದುಕಿದ್ದವರು? ಅವರಿಗೆ ಗುತ್ತಿಗೆ ಹಣವೂ ಇಲ್ಲ, ಹಳೆಯ ಕೂಲಿಯೂ ಇಲ್ಲ. ಕೆಲವರಿಗೆ ಪಾರ್ಕಿನೊಳಗೆ ಕೆಲಸ ಸಿಕ್ಕಿತು. ಏನು ಕೆಲಸ? ಪ್ಯಾನೆಲ್ಲಿನ ಧೂಳು ತೊಳೆಯುವುದು, ಹುಲ್ಲು ಕೊಯ್ಯುವುದು, ಗೇಟು ಕಾಯುವುದು.

ಜಾತಿ ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲು ಕೀಳಾಗಿ ಒಡೆಯುತ್ತದೆಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಇಲ್ಲಿ ಯಂತ್ರ ಹೊಸದು, ಮೆಟ್ಟಿಲು ಹಳೆಯದು.

“ತರಬೇತಿ ಕೊಡ್ತೀವಲ್ಲ” ಅಂತಾರೆ. 2015ರಲ್ಲಿ ಕೇಂದ್ರ ಸರ್ಕಾರ ಸೂರ್ಯಮಿತ್ರ ಎಂಬ ತರಬೇತಿ ಶುರುಮಾಡಿತು. 600 ಗಂಟೆ ಪಾಠ, ಪುಕ್ಕಟೆ. ಹಳ್ಳಿಯವರಿಗೆ, ಹೆಂಗಸರಿಗೆ, ಪರಿಶಿಷ್ಟರಿಗೆ ಆದ್ಯತೆ ಎಂದೂ ಬರೆದಿತ್ತು. ಆದರೆ ಬಾಗಿಲಲ್ಲೇ ಕೇಳಿದ್ದು ಹತ್ತನೇ ತರಗತಿ, ಅದರ ಮೇಲೆ ಐಟಿಐ. ಹೊಲದ ಕೂಲಿ ಕಳಕೊಂಡ ನಲವತ್ತರ ಹೆಣ್ಣುಮಗಳು ಐಟಿಐ ಎಲ್ಲಿಂದ ತರಬೇಕು? ತಂದಳೆಂದೇ ಇಟ್ಟುಕೊಳ್ಳಿ, ಕಲಿಯುವ ಮೂರು ತಿಂಗಳು ಮನೆಯ ಒಲೆ ಉರಿಯುವುದು ಹೇಗೆ?

“ಓದು ಬಾರದವರು ಕರೆಂಟು ಮುಟ್ಟಿದರೆ ಸತ್ತಾರು” ಎನ್ನುವ ಕಾಳಜಿಯ ಮಾತೂ ಬರುತ್ತದೆ. ಅಪಾಯ ನಿಜ. ಆದರೆ ಮಲದ ಗುಂಡಿಗೆ ಇಳಿಸುವಾಗ ಈ ಕಾಳಜಿ ಎಲ್ಲಿಗೆ ಹೋಗಿತ್ತು ಸ್ವಾಮಿ? ಅಪಾಯವಿದೆ ಅಂತಲೇ ಅಲ್ಲವೇ ತರಬೇತಿ ಬೇಕಾಗಿರುವುದು? ಓದು ಬಾರದವರು ಕಲಿಯಬಲ್ಲರು ಎಂಬುದಕ್ಕೆ ಸಾಕ್ಷಿಯೂ ಇದೆ. ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಹುಟ್ಟಿದ ಬೇರ್‌ಫೂಟ್ ಕಾಲೇಜಿನಲ್ಲಿ ಅಕ್ಷರ ಬಾರದ ಅಜ್ಜಿಯರು ಬಣ್ಣ ಗುರುತಿಟ್ಟು, ಕೈಸನ್ನೆ ನೋಡಿ, ಆರು ತಿಂಗಳಲ್ಲಿ ಸೋಲಾರ್ ದೀಪ ಜೋಡಿಸುವುದನ್ನೂ ರಿಪೇರಿಯನ್ನೂ ಕಲಿತರು. ಆಫ್ರಿಕಾದ ಹಳ್ಳಿಗಳಿಂದ ಬಂದವರೂ ಕಲಿತು ಹೋದರು. ಪಾರ್ಕಿನ ಕೆಲಸ ಮನೆದೀಪದಷ್ಟು ಸುಲಭವಲ್ಲ, ಒಪ್ಪೋಣ. ಆದರೆ ಕಲಿಯುವ ಬುದ್ಧಿಗೆ ಐಟಿಐ ಒಂದೇ ಹೊಸ್ತಿಲಲ್ಲ.

ಹಾಗಾದರೆ ತರಬೇತಿ ದಾನವೋ, ಸಾಲವೋ? ಲೋಕಕ್ಕೆಲ್ಲ ಹೊಗೆಯಿಲ್ಲದ ಬೆಳಕು ಬೇಕು, ನಮಗೂ ಬೇಕು. ಆ ಬೆಳಕಿಗಾಗಿ ಒಬ್ಬರ ಕೂಲಿ ಆರಿಹೋಗಿದ್ದರೆ, ಬೆಳಕು ಉಂಡವರೆಲ್ಲ ಅವರಿಗೆ ಸಾಲಗಾರರು. ಸಾಲ ತೀರಿಸುವವನು ಕೊಡುಗೈ ದೊರೆಯಂತೆ ಮೆರೆಯಬಾರದು. ತೀರಿಸುವ ಬಗೆಯೂ ಕಷ್ಟದ್ದಲ್ಲ: ಕಲಿಯುವ ದಿನಕ್ಕೂ ಕೂಲಿ, ಮನೆಯಲ್ಲಾಡುವ ತೆಲುಗು ಕನ್ನಡದಲ್ಲೇ ಪಾಠ, ಕಲಿತ ಮೇಲೆ ಅದೇ ನೆಲದಲ್ಲಿ ಕಾಯಂ ಕೆಲಸ. ಬರೀ ಸರ್ಟಿಫಿಕೇಟು ಕೊಟ್ಟರೆ ತೂಗುಹಾಕಲು ನಮ್ಮವರ ಗೋಡೆಯೂ ಗಟ್ಟಿಯಿಲ್ಲ.

ಗೆಳೆಯರೇ, ಮೇಷ್ಟ್ರೇ, ನಿಮ್ಮ ಸೀಮೆಗೂ ಸೋಲಾರ್ ಬಂದೀತು, ಗಾಳಿಯಂತ್ರ ಬಂದೀತು. ಎಷ್ಟು ಮೆಗಾವ್ಯಾಟ್ ಎಂದು ಅವರು ಹೇಳಿಕೊಳ್ಳಲಿ. ಪೊರಕೆ ಯಾರಿಗೆ, ಟೆಸ್ಟರ್ ಯಾರಿಗೆ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ನಾವು ಕೇಳೋಣ.