ಅಳತೆಯ ಆಸರೆ

ಆಟೋಟಗಳ ವಿಷಯದಲ್ಲಿ ಅಧಿಕಾರದಿಂದ ಮಾತನಾಡಬಲ್ಲವನು ನಾನಲ್ಲ. ಹುಡುಗನಾಗಿದ್ದಾಗ ಕಬಡ್ಡಿಯಲ್ಲಿ ಎಲ್ಲರಿಗಿಂತ ಮೊದಲು ಔಟಾಗಿ ಗೆರೆಯಾಚೆ ಕೂರುತ್ತಿದ್ದವನು ನಾನೇ. ಅಂಥವನು ಅಮೆರಿಕದ ಫುಟ್‌ಬಾಲಿನ ಬಗ್ಗೆ, ಅದರಲ್ಲೂ ಆ ಆಟದಲ್ಲಿ ಯಾರ ಕಣ್ಣಿಗೂ ಬೀಳದ ಐದು ಮಂದಿಯ ಬಗ್ಗೆ ಬರೆಯ ಹೊರಟದ್ದಕ್ಕೆ ನನ್ನ ಅಕ್ಕನ ಮಗ ಕಾರಣ. 2025ರ ಏಪ್ರಿಲಿನಲ್ಲಿ ರಜೆ ಹಾಕಿ ಕೆಲವು ವಾರ ಅಕ್ಕನ ಮನೆಯಲ್ಲಿ, ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಇದ್ದೆ. ಹದಿನಾರು ವರ್ಷದ ಆ ಹುಡುಗ ಮೈಕಟ್ಟಿನಲ್ಲಿ ನನ್ನ ಎರಡರಷ್ಟಿದ್ದಾನೆ. ತನ್ನ ಶಾಲೆಯ ತಂಡದಲ್ಲಿ ‘ಗಾರ್ಡ್’. ಮೂರು ದಿನ ಟೆಲಿವಿಷನ್ನಿನ ಮುಂದಿನಿಂದ ಏಳದೆ ಅವನು ‘ಡ್ರಾಫ್ಟ್’ ನೋಡಿದ. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡ.

ಕಾಲೇಜುಗಳಲ್ಲಿ ಆಡಿ ಪಳಗಿದ ಯುವಕರನ್ನು ವೃತ್ತಿಪರ ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ಏರ್ಪಾಡು ಅದು. 1936ರಲ್ಲಿ ಫಿಲಡೆಲ್ಫಿಯದ ಒಂದು ಹೋಟೆಲಿನಲ್ಲಿ ಮೊದಲ ಬಾರಿ ನಡೆಯಿತು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ. ಬಲಹೀನನಿಗೆ ಮೊದಲ ತುತ್ತು ಎಂಬ ಈ ನಿಯಮ ನನಗೆ ಹಿಡಿಸಿತು. ಈಗ 32 ತಂಡಗಳು, ಏಳು ಸುತ್ತುಗಳು, ಆರಿಸಲ್ಪಡುವವರು ಸುಮಾರು 250 ಮಂದಿ. ಮೊದಲ ಸುತ್ತಿನಲ್ಲಿ ಹೆಸರು ಕೂಗಿಸಿಕೊಂಡವನು ಅಂದೇ ಕೋಟ್ಯಧೀಶ. ಕೊನೆಯ ಸುತ್ತಿನವನು ತಂಡದಲ್ಲಿ ಉಳಿಯುವುದೇ ಅನುಮಾನ.

ಇನ್ನು ಆ ಐದು ಮಂದಿ. ಚೆಂಡನ್ನು ಎಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಪತ್ರಿಕೆಗಳಲ್ಲಿ ಚಿತ್ರ ಬರುವುದು ಅವನದು. ಎದುರಾಳಿಗಳು ಅವನನ್ನು ಕೆಡಹಲು ನುಗ್ಗಿ ಬರುತ್ತಾರೆ. ಅವರಿಗೆ ಅಡ್ಡವಾಗಿ ಅವನ ಮುಂದೆ ಸಾಲಾಗಿ ನಿಲ್ಲುವವರು ಈ ಐವರು: ನಡುವೆ ಸೆಂಟರ್, ಅವನ ಎರಡು ಪಕ್ಕಕ್ಕೆ ಗಾರ್ಡುಗಳು, ಎರಡು ತುದಿಗೆ ಟ್ಯಾಕಲ್‌ಗಳು. ಒಬ್ಬೊಬ್ಬನ ತೂಕ 300 ಪೌಂಡಿನ ಆಚೀಚೆ, ಎಂದರೆ 136 ಕಿಲೋ. ಚೆಂಡನ್ನು ಹಿಂದಕ್ಕೆ ದಾಟಿಸುವ ಸೆಂಟರ್ ಒಬ್ಬನನ್ನು ಬಿಟ್ಟರೆ ಉಳಿದವರು ಇಡೀ ಪಂದ್ಯದಲ್ಲಿ ಚೆಂಡನ್ನು ಮುಟ್ಟುವುದು ಅಪೂರ್ವ. ಏನೂ ಆಗದಂತೆ ನೋಡಿಕೊಳ್ಳುವುದೇ ಅವರ ಕೆಲಸ. ಅರವತ್ತು ಸಲ ತಡೆದು ಅರವತ್ತೊಂದನೆಯ ಸಲ ತಪ್ಪಿದರೆ ಟೆಲಿವಿಷನ್ ಅರವತ್ತೊಂದನೆಯದನ್ನೇ ನಾಲ್ಕು ಬಾರಿ ತೋರಿಸುತ್ತದೆ. ಕೆರೆಯಲ್ಲಿ ನೀರು ನಿಂತಿರುವಷ್ಟು ದಿನ ಏರಿಯನ್ನು ಯಾರು ನೋಡುತ್ತಾರೆ? ಬಿರುಕು ಬಿಟ್ಟ ದಿನ ಊರೆಲ್ಲ ಅಲ್ಲಿ ನೆರೆಯುತ್ತದೆ.

ಹಾಗಾದರೆ ಏನೂ ಆಗದಂತೆ ಮಾಡುವವನ ಯೋಗ್ಯತೆಯನ್ನು ಮುಂಚಿತವಾಗಿ ಅಳೆಯುವುದು ಹೇಗೆ? ಓಡುವವನಿಗೆ ಎಷ್ಟು ಗಜ ಓಡಿದ ಎಂಬ ಲೆಕ್ಕವಿದೆ, ಹಿಡಿಯುವವನಿಗೆ ಎಷ್ಟು ಹಿಡಿದ ಎಂಬುದಿದೆ. ಲೈನ್‌ಮನ್ನನ ಲೆಕ್ಕದ ಪುಸ್ತಕದಲ್ಲಿ ತಪ್ಪುಗಳ ಪುಟ ಮಾತ್ರ ತುಂಬುತ್ತದೆ. ಆ ತಪ್ಪೂ ಅವನದೇ ಎಂದು ಹೇಳುವುದು ಕಷ್ಟ. ಎದುರಾಳಿಗಳಿಬ್ಬರು ಒಬ್ಬರ ದಾರಿಯನ್ನು ಇನ್ನೊಬ್ಬರು ದಾಟಿ ನುಗ್ಗಿದಾಗ, ಅವರನ್ನು ಗಾರ್ಡೂ ಟ್ಯಾಕಲ್ಲೂ ಅದಲುಬದಲು ಮಾಡಿಕೊಳ್ಳಬೇಕಿತ್ತೋ, ತಂತಮ್ಮವನನ್ನೇ ಹಿಂಬಾಲಿಸಬೇಕಿತ್ತೋ ಎಂಬುದು ಆ ಗಳಿಗೆಯಲ್ಲಿ ಅವರೊಳಗೆ ಆದ ಮಾತನ್ನು ಅವಲಂಬಿಸಿದೆ. ಚಿತ್ರಸುರುಳಿಯನ್ನು ಹತ್ತು ಸಲ ತಿರುಗಿಸಿ ನೋಡುವ ಪರೀಕ್ಷಕನಿಗೆ ಆ ಮಾತು ಕೇಳಿಸುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಚುರುಕಾಗಿದ್ದು ಚೆಂಡನ್ನು ಬೇಗ ಎಸೆದುಬಿಟ್ಟರೆ ಸಾಧಾರಣ ತಡೆಗಾರನೂ ಸಮರ್ಥನಂತೆ ಕಾಣುತ್ತಾನೆ. ಅವನು ಚೆಂಡು ಹಿಡಿದುಕೊಂಡು ಅತ್ತಿತ್ತ ಅಲೆಯುವವನಾದರೆ ಸಮರ್ಥನೂ ಸೋಲುತ್ತಾನೆ. ಕಾಲೇಜುಗಳಲ್ಲಿ ಆಡುವ ರೀತಿಗೂ ವೃತ್ತಿಪರರ ರೀತಿಗೂ ವ್ಯತ್ಯಾಸ ಬೇರೆ.

ಹೀಗೆ ಕಣ್ಣು ಸೋತ ಕಡೆ ಟೇಪು ಬರುತ್ತದೆ. 1987ರಿಂದ ಇಂಡಿಯಾನಪೊಲಿಸ್ ನಗರದಲ್ಲಿ ಡ್ರಾಫ್ಟಿಗೆ ಮೊದಲು ಒಂದು ಪರೀಕ್ಷೆ ನಡೆಯುತ್ತಿದೆ. ಅದಕ್ಕೆ ಕಂಬೈನ್ ಎನ್ನುತ್ತಾರೆ. ಸುಮಾರು 300 ಯುವಕರನ್ನು ಕರೆಸಿ ಎತ್ತರ, ತೂಕ, ತೋಳಿನ ಉದ್ದ, ಅಂಗೈಯ ಅಗಲಗಳನ್ನು ಅಳೆಯುತ್ತಾರೆ. 40 ಗಜ ಓಡಿಸುತ್ತಾರೆ, ನಿಂತಲ್ಲಿಂದ ನೆಗೆಸುತ್ತಾರೆ, 225 ಪೌಂಡಿನ ಭಾರವನ್ನು ಮಲಗಿ ಎಷ್ಟು ಬಾರಿ ಎತ್ತುತ್ತಾನೆಂದು ಎಣಿಸುತ್ತಾರೆ. ಲೈನ್‌ಮನ್ನನೊಬ್ಬ ಪಂದ್ಯದಲ್ಲಿ 40 ಗಜ ನೇರವಾಗಿ ಓಡುವ ಸಂದರ್ಭವೇ ವಿರಳ. ತಿಳಿದವರು ಅದರ ಮೊದಲ ಹತ್ತು ಗಜವನ್ನು ಮಾತ್ರ ನೋಡುತ್ತಾರಂತೆ. ಆದರೂ ನಲವತ್ತರ ಲೆಕ್ಕ ನಿಂತಿಲ್ಲ.

ತೋಳಿನ ಉದ್ದದ ಹಿಂದೆ ಒಂದು ನ್ಯಾಯವಿದೆಯೆಂದು ಒಪ್ಪಬೇಕು. ನುಗ್ಗಿ ಬರುವವನ ಕೈ ನಮ್ಮ ಎದೆಗೆ ತಾಗುವ ಮುನ್ನ ನಮ್ಮ ಕೈ ಅವನ ಎದೆಗೆ ತಾಗಬೇಕು. ಹತೋಟಿ ಮೊದಲು ಮುಟ್ಟಿದವನದು. ಆದ್ದರಿಂದ ಟ್ಯಾಕಲ್‌ನ ತೋಳು 33 ಅಂಗುಲಕ್ಕೆ ಕಡಿಮೆಯಿದ್ದರೆ, ‘ಇವನು ಒಳಗೆ ಸರಿದು ಗಾರ್ಡ್ ಆಗಲಿ’ ಎನ್ನುವವರು ಬಹಳ. ಆ ವರ್ಷ ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾಲಯದ ವಿಲ್ ಕ್ಯಾಂಪ್‌ಬೆಲ್ ಎಂಬ ಯುವಕನ ತೋಳು ಕಂಬೈನಿನಲ್ಲಿ 32 ಅಂಗುಲ, ಮೇಲೆ ಅಂಗುಲದ ಎಂಟರಲ್ಲಿ ಐದು ಪಾಲು ಬಂತು. ತಿಂಗಳೊಳಗೆ ಅವನ ಕಾಲೇಜಿನಲ್ಲೇ ಅಳೆದಾಗ ಸರಿಯಾಗಿ 33. ನಡುವೆ ಎಂಟರಲ್ಲಿ ಮೂರು ಪಾಲಿನ ಅಂತರ. ಆ ಎಳ್ಳುಕಾಳಿನ ಮೇಲೆ ವಾರಗಟ್ಟಲೆ ಚರ್ಚೆಯಾಯಿತೆಂದು ಅಕ್ಕನ ಮಗ ಹೇಳಿದ. ಕೊನೆಗೆ ನ್ಯೂ ಇಂಗ್ಲೆಂಡ್ ತಂಡದವರು ಅವನನ್ನು ನಾಲ್ಕನೆಯವನಾಗಿ ಆರಿಸಿದರು. “ಮಾವ, ಒಂದು ತಿಂಗಳಲ್ಲಿ ತೋಳು ಬೆಳೆಯುತ್ತಾ?” ಎಂದು ಹುಡುಗ ನಕ್ಕ. ಎರಡು ಸಲ ತಿದ್ದಿದ ಉತ್ತರಪತ್ರಿಕೆಗೆ ಎರಡು ಅಂಕ ಕೊಟ್ಟವನು ನಾನು. ನನಗೆ ನಗು ಬರಲಿಲ್ಲ.

ಆ ಹುಡುಗನಿಂದ ಕೇಳಿದ ಕಥೆಗಳಲ್ಲಿ ಎರಡು ನನ್ನ ಮನಸ್ಸಿನಲ್ಲಿ ನಿಂತಿವೆ. 1989ರಲ್ಲಿ ಮಿಶಿಗನ್ ಸ್ಟೇಟ್‌ನ ಟೋನಿ ಮ್ಯಾಂಡರಿಚ್ ಎಂಬ ಟ್ಯಾಕಲ್ ಬಂದ. ಅವನ ಮೈ, ಅವನ ಓಟ, ಅವನು ಎತ್ತಿದ ಭಾರ ಎಲ್ಲವೂ ಬೆರಗು ಹುಟ್ಟಿಸುವಂಥವು. ಇಂಥವನು ಹಿಂದೆ ಬಂದೇ ಇಲ್ಲವೆಂದು ಪತ್ರಿಕೆಗಳು ಹೊಗಳಿದವು. ಗ್ರೀನ್ ಬೇ ತಂಡ ಅವನನ್ನು ಎರಡನೆಯವನಾಗಿ ಆರಿಸಿತು. ಆ ವರ್ಷ ಒಂದನೆಯ, ಮೂರನೆಯ, ನಾಲ್ಕನೆಯ, ಐದನೆಯ ಆಯ್ಕೆಯವರು ನಾಲ್ವರೂ ಮುಂದೆ ಆ ಆಟದ ಕೀರ್ತಿಮಂದಿರವನ್ನು ಸೇರಿದರು. ಮ್ಯಾಂಡರಿಚ್ ಕೆಲವೇ ವರ್ಷಗಳಲ್ಲಿ ಆ ತಂಡದಿಂದ ಹೊರಬಿದ್ದ. ಕಾಲೇಜಿನಲ್ಲಿ ಮೈ ಬೆಳೆಸುವ ಮದ್ದು ಸೇವಿಸುತ್ತಿದ್ದುದನ್ನು ಬಹುಕಾಲದ ಮೇಲೆ, 2008ರಲ್ಲಿ, ಆತನೇ ಒಪ್ಪಿಕೊಂಡ.

ಎರಡನೆಯದು ಇದರ ತಿರುವು. ಓಕ್ಲಹೋಮ ವಿಶ್ವವಿದ್ಯಾಲಯದ ಆರ್ಲಾಂಡೊ ಬ್ರೌನ್ 2018ರ ಕಂಬೈನಿಗೆ ಬಂದ. ಅವನ ತಂದೆಯೂ ಇದೇ ಕಸುಬಿನಲ್ಲಿದ್ದು ಹೆಸರಾದವರು, 2011ರಲ್ಲಿ ತೀರಿಕೊಂಡಿದ್ದರು. ಮಗ ಭಾರವನ್ನು 14 ಬಾರಿ ಮಾತ್ರ ಎತ್ತಿದ, 40 ಗಜಕ್ಕೆ 5.85 ಸೆಕೆಂಡು ತೆಗೆದುಕೊಂಡ, ನೆಗೆತದಲ್ಲೂ ಹಿಂದೆ ಬಿದ್ದ. ನೋಡಿದವರು ನಕ್ಕರು. ಕಾಲೇಜಿನಲ್ಲಿ ಆತ ಕಾದದ್ದು ಬೇಕರ್ ಮೇಫೀಲ್ಡ್ ಎಂಬ ಕ್ವಾರ್ಟರ್‌ಬ್ಯಾಕನ್ನು. ಆ ಮೇಫೀಲ್ಡ್‌ನನ್ನು ಅದೇ ವರ್ಷ ಕ್ಲೀವ್‌ಲ್ಯಾಂಡಿನವರು ಎಲ್ಲರಿಗಿಂತ ಮೊದಲು ಆರಿಸಿದರು. ಕಾಯಲ್ಪಟ್ಟವನು ಒಂದನೆಯವನು, ಕಾದವನು 83ನೆಯವನು! ಆತನ ಆಟ ಕಾಲೇಜಿನ ಅಷ್ಟೂ ಪಂದ್ಯಗಳಲ್ಲಿ ಎಲ್ಲರ ಕಣ್ಣೆದುರಿಗೇ ಇತ್ತು. ಒಂದು ವಾರದ ಟೇಪು ಅದನ್ನೆಲ್ಲ ಅಳಿಸಿತು. ಆತ ಮುಂದೆ ವರ್ಷ ವರ್ಷವೂ ಗಣ್ಯರ ಪಟ್ಟಿಯಲ್ಲಿ ಸೇರಿದ. 2023ರ ಫೆಬ್ರವರಿಯಲ್ಲಿ ಕಾನ್ಸಾಸ್ ಸಿಟಿ ತಂಡದೊಡನೆ ಸೂಪರ್ ಬೌಲ್ ಗೆದ್ದ.

ಇದರಿಂದ, ಅಳತೆ ಸುಳ್ಳು, ಅನುಭವಿಯ ಕಣ್ಣೇ ಸತ್ಯ ಎಂದು ಹೇಳಿಬಿಟ್ಟರೆ ಲೇಖನವೇನೋ ಸುಲಭವಾಗಿ ಮುಗಿಯುತ್ತದೆ. ಆದರೆ ಹಾಗೆ ಹೇಳಲು ನನ್ನ ಬಾಯಿ ಬರುವುದಿಲ್ಲ. ಆರ್ಕನ್ಸಾ ರಾಜ್ಯದ ಪೈನ್ ಬ್ಲಫ್ ಎಂಬ ಊರಿನಲ್ಲಿ ಕರಿಯರ ವಿದ್ಯಾಭ್ಯಾಸಕ್ಕಾಗಿ ಹುಟ್ಟಿದ ಒಂದು ಕಾಲೇಜಿದೆ. ಅಂಥ ಕಡೆಯ ಆಟವನ್ನು ನೋಡಲು ದೊಡ್ಡ ತಂಡದವರು ಹೆಚ್ಚಾಗಿ ಹೋಗುವುದಿಲ್ಲ. ಅಲ್ಲಿನ ಟೆರನ್ ಆರ್ಮ್‌ಸ್ಟೆಡ್ 2013ರಲ್ಲಿ ಇಂಡಿಯಾನಪೊಲಿಸ್ಸಿಗೆ ಬಂದು, 300 ಪೌಂಡು ಮೀರಿದ ಮೈಯನ್ನು ಹೊತ್ತು, 40 ಗಜವನ್ನು 4.71 ಸೆಕೆಂಡಿನಲ್ಲಿ ಓಡಿದ. ಗಡಿಯಾರಕ್ಕೆ ಯಾವ ಕಾಲೇಜಿನವನೆಂಬುದು ಗೊತ್ತಿರಲಿಲ್ಲ. ನ್ಯೂ ಆರ್ಲಿಯನ್ಸಿನವರು ಆತನನ್ನು 75ನೆಯವನಾಗಿ ಆರಿಸಿದರು. ಹತ್ತು ವರ್ಷಕ್ಕೂ ಮೀರಿ ಆತ ಆ ಕೆಲಸದಲ್ಲಿ ಬಾಳಿದ. ಅನುಭವಿಯ ಕಣ್ಣು ನೋಡುವುದು ತಾನು ಹೋದ ಕಡೆಯನ್ನು ಮಾತ್ರವಲ್ಲವೆ?

ನಾನು ಹಳ್ಳಿಯಿಂದ ಬಂದವನು. ಪಟ್ಟಣದಲ್ಲಿ ನನ್ನ ತಂದೆಗೆ ಪರಿಚಯದವರು ಯಾರೂ ಇರಲಿಲ್ಲ. ಶಿಫಾರಸು ಎಂಬ ಮಾತಿನ ಅರ್ಥವೇ ಅವರಿಗೆ ತಿಳಿದಿತ್ತೋ ಇಲ್ಲವೋ. ಕಾಲೇಜಿನ ಬಾಗಿಲನ್ನು ನನಗೆ ತೆರೆದದ್ದು ಒಂದು ಅಂಕಪಟ್ಟಿ. ನನ್ನ ಮಾತಿನ ಧಾಟಿ, ನನ್ನ ಅಂಗಿಯ ತೇಪೆ, ಇವು ಯಾವುವೂ ಅದರಲ್ಲಿ ಕಾಣುತ್ತಿರಲಿಲ್ಲ. ಅಳತೆಗೆ ಕುರುಡಿದೆ ಎಂದು ಬೈಯುವವರು ಆ ಕುರುಡೇ ಕೆಲವರ ಪಾಲಿಗೆ ದಯೆಯಾಗುತ್ತದೆ ಎಂಬುದನ್ನು ಮರೆಯಬಾರದು.

ಆದರೆ ಅಂಕಪಟ್ಟಿಯಿಂದ ಉದ್ಧಾರವಾದ ನಾನೇ ಅದರ ಹಿಂದೆ ಅಡಗಿಕೊಂಡದ್ದೂ ಉಂಟು. ಹತ್ತು ಹನ್ನೆರಡು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರನ್ನು ಆರಿಸುವ ಸಮಿತಿಯಲ್ಲಿ ನಾನಿದ್ದೆ. ಉಳಿದವರು ಇಬ್ಬರು. ಒಬ್ಬರಿಗೆ ಎಂ.ಎ.ಯಲ್ಲಿ ಹೆಚ್ಚು ಅಂಕ; ಮಾತು ಅಚ್ಚುಕಟ್ಟು. ಇನ್ನೊಬ್ಬ ತರುಣನಿಗೆ ಶೇಕಡ ಎರಡು ಕಡಿಮೆ. ಇಬ್ಬರಿಂದಲೂ ಒಂದೊಂದು ಪಾಠ ಮಾಡಿಸಿದೆವು. ಆ ತರುಣ ಹಳಗನ್ನಡದ ಪದ್ಯವೊಂದನ್ನು ಎತ್ತಿಕೊಂಡು, ಒಂದು ಶಬ್ದದ ಬಳಿ ನಿಂತು, ‘ಇದನ್ನು ನಿಮ್ಮ ಅಜ್ಜಿ ಈಗಲೂ ಅನ್ನುತ್ತಾರಲ್ಲ, ನೆನಪು ಮಾಡಿಕೊಳ್ಳಿ’ ಎಂದ. ಕೊನೆಯ ಬೆಂಚಿನ ಹುಡುಗರು ತಲೆಯೆತ್ತಿದರು. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಆ ತಲೆಯೆತ್ತುವಿಕೆಯ ಬೆಲೆ ಗೊತ್ತಾಗದೆ ಇರುತ್ತದೆಯೆ? ನನಗೆ ಗೊತ್ತಾಯಿತು. ಆದರೂ ಸಮಿತಿಯ ಮುಂದೆ ನಾನು ಹೇಳಿದ್ದು ಇಷ್ಟೇ: “ಅಂಕಗಳ ಪ್ರಕಾರ ಹೋಗೋಣ. ನಾಳೆ ಯಾರಾದರೂ ಕೇಳಿದರೆ ತೋರಿಸುವುದಕ್ಕೆ ದಾಖಲೆ ಇರುತ್ತದೆ.” ಎಲ್ಲರ ಮುಖದಲ್ಲೂ ನೆಮ್ಮದಿ ಕಂಡಿತು. ಕಾಫಿ ಬಂತು.

ಆಯ್ಕೆಯಾದವರು ಕೆಟ್ಟ ಅಧ್ಯಾಪಕರೇನೂ ಆಗಲಿಲ್ಲ. ಅವರ ಮೇಲೆ ಒಂದು ದೂರೂ ಬಂದಿಲ್ಲ. ಆ ತರುಣ ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಎಲ್ಲೋ ಚೆನ್ನಾಗಿಯೇ ಇರಬಹುದು. ಆದ್ದರಿಂದ ಫಲವನ್ನು ನೋಡಿ ನನ್ನನ್ನು ಯಾರೂ ಆಪಾದಿಸಲಾರರು. ನನ್ನ ತಪ್ಪು ಇರುವುದು ಫಲದಲ್ಲಲ್ಲ. ಅಂದು ನಾನು ಅಳತೆಯನ್ನು ಹಿಡಿದದ್ದು ಅದು ನನಗಿಂತ ಚೆನ್ನಾಗಿ ಕಾಣುತ್ತದೆ ಎಂದಲ್ಲ. ಕಂಡದ್ದನ್ನು ಕಂಡೆ ಎಂದು ಹೇಳುವ ಹೊಣೆಯಿಂದ ಅದು ನನ್ನನ್ನು ಬಿಡಿಸುತ್ತದೆ ಎಂದು. 83ನೆಯವನಾಗಿ ಬಂದ ಬ್ರೌನನ ಕಥೆಯಲ್ಲಿ ನನಗೆ ಕಾಣುವುದೂ ಅದೇ. ಮೂವತ್ತೆರಡು ತಂಡಗಳ ಪರೀಕ್ಷಕರಲ್ಲಿ ಆತನ ಆಟವನ್ನು ಕಂಡು ಮೆಚ್ಚಿದವರು ಇರಲೇಬೇಕು. ಆದರೆ 5.85 ಸೆಕೆಂಡಿನವನನ್ನು ಮೊದಲ ಸುತ್ತಿನಲ್ಲಿ ಆರಿಸಿ, ಆತ ಸೋತರೆ, ಒಡೆಯನ ಮುಂದೆ ಹೇಳುವುದೇನು? ಮ್ಯಾಂಡರಿಚ್‌ನನ್ನು ಆರಿಸಿ ಸೋತವರಿಗೆ ಹೇಳಲು ಅಂಕಿಗಳಾದರೂ ಇದ್ದವು.

ಕ್ಲೀವ್‌ಲ್ಯಾಂಡಿನವರು ಇಂದಿಗೂ ಕಣ್ಣರಳಿಸಿ ಹೇಳುವ ಒಂದು ಹೆಸರಿದೆ: ಜೋ ಥಾಮಸ್. 2007ರಲ್ಲಿ ಮೂರನೆಯವನಾಗಿ ಆಯ್ಕೆಯಾದ ಟ್ಯಾಕಲ್. ಅಂದು ಸಮಾರಂಭಕ್ಕೆ ಹೋಗದೆ ಮಿಶಿಗನ್ ಸರೋವರದಲ್ಲಿ ತಂದೆಯೊಡನೆ ಮೀನು ಹಿಡಿಯುತ್ತಿದ್ದ. ಹತ್ತು ವರ್ಷಕ್ಕೂ ಹೆಚ್ಚು ಕಾಲ, ಒಂದು ಸರದಿಯನ್ನೂ ತಪ್ಪಿಸದೆ 10,363 ಬಾರಿ ಆ ಸಾಲಿನಲ್ಲಿ ನಿಂತ. 2017ರಲ್ಲಿ ತೋಳಿನ ಸ್ನಾಯು ಹರಿದಾಗ ನಿಂತಿತು. ಆ ಕಾಲದ ಬಹುಪಾಲು ವರ್ಷಗಳಲ್ಲಿ ತಂಡ ಸೋಲುತ್ತಲೇ ಇತ್ತು. ಅವನ ಹಿಂದೆ ಕ್ವಾರ್ಟರ್‌ಬ್ಯಾಕುಗಳು ಒಬ್ಬರ ಮೇಲೊಬ್ಬರು ಬಂದು ಹೋದರು. ಗೆಲುವನ್ನು ಅಳತೆಗೋಲು ಮಾಡಿಕೊಂಡರೆ ಆತನಿಗೆ ಸಿಕ್ಕುವುದು ಸೊನ್ನೆ. ಆದರೂ 2023ರಲ್ಲಿ ಕೀರ್ತಿಮಂದಿರ ಆತನನ್ನು ಕರೆದುಕೊಂಡಿತು. ಅಂದರೆ ಏರಿಯನ್ನೂ ನೋಡುವವರು ಇದ್ದಾರೆ. ನೋಡಿ, ನೋಡಿದೆ ಎಂದು ಹೇಳುವವರೂ ಇದ್ದಾರೆ.

ಮೂರನೆಯ ದಿನ, ಶನಿವಾರ, ಸಂಜೆಯ ಹೊತ್ತಿಗೆ ಏಳನೆಯ ಸುತ್ತು ಮುಗಿಯುತ್ತ ಬಂದಿತ್ತು. ಹುಡುಗ ಇದ್ದಕ್ಕಿದ್ದಂತೆ ಎದ್ದು ಒಳಗೆ ಹೋಗಿ, ಅಕ್ಕನ ಹೊಲಿಗೆ ಡಬ್ಬಿಯಿಂದ ಟೇಪು ತಂದು ನನ್ನ ಕೈಗಿಟ್ಟ. ಗೋಡೆಗೆ ಬೆನ್ನು ಹಚ್ಚಿ ಬಲತೋಳನ್ನು ಚಾಚಿ ನಿಂತ. ಭುಜದ ಮೂಳೆಯಿಂದ ನಡುಬೆರಳಿನ ತುದಿಯವರೆಗೆ ಅಳೆಯಬೇಕೆಂದು ತಾನೇ ಹೇಳಿಕೊಟ್ಟ. ಅಡಿಗೆಮನೆಯಿಂದ ಅಕ್ಕ, “ಏನೋ ಅದು ನಿಮ್ಮಿಬ್ಬರದು?” ಎಂದಳು. ನಾನು ಅಳೆದೆ. ಮೂವತ್ತೊಂದೂವರೆ.

“ಎಷ್ಟು ಮಾವ?”

ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬೆರಳುಗಳನ್ನು ಇನ್ನಷ್ಟು ನೀಡಿ, “ಇನ್ನೊಂದು ಸಲ ಅಳೀರಿ” ಎಂದ. ನಾನು ಟೇಪಿನ ತುದಿಯನ್ನು ಮತ್ತೆ ಅವನ ಭುಜಕ್ಕೆ ಹಿಡಿದೆ.