ಪಾಯಕ್ಕೆ ಮೊದಲಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಾಗ, ಇನ್ನು ಮನೆ ಕಟ್ಟುವುದು ಹಗುರವಾಯಿತು ಎಂಬ ಮಾತು ಹುಟ್ಟಿಕೊಂಡಿತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನೆನಪಾಗುತ್ತದೆ. ಎರಡನ್ನೂ ಮುಗಿಸಿದವರ ಹೆಮ್ಮೆಯ ಮಾತು ಅದು ಎನ್ನುವವರಿದ್ದಾರೆ. ಹೆಮ್ಮೆಪಡುವವನು ಇನ್ನೊಬ್ಬನನ್ನು ಎಚ್ಚರಿಸುವ ಗೋಜಿಗೆ ಹೋಗುವುದಿಲ್ಲ, ಹಾಗಾಗಿ ಆ ಅರ್ಥವನ್ನು ಪಕ್ಕಕ್ಕಿಡಬಹುದು. ಮನೆಯ ಖರ್ಚು ಯಾರ ಅಂದಾಜಿಗೂ ಸಿಗದು, ಅದು ಹಣೆಬರಹ ಎನ್ನುವ ಅರ್ಥವೇ ಹೆಚ್ಚು ಚಾಲ್ತಿಯಲ್ಲಿರುವುದು, ಹೆಚ್ಚು ಕೆಡುಕು ಮಾಡುವುದೂ ಅದೇ. ಲೆಕ್ಕ ಹಾಕದೆ ಇಳಿಯುವವನಿಗೆ ಅದು ಮೊದಲೇ ಸಮಾಧಾನ ಹೇಳಿಬಿಡುತ್ತದೆ. ನನಗೆ ಈ ಗಾದೆಯಲ್ಲಿ ಮುಖ್ಯವಾಗಿ ಕಾಣುವುದು ಮನೆಯ ಪಕ್ಕದಲ್ಲಿ ಮದುವೆಯನ್ನು ಇಟ್ಟಿರುವುದು. ಜಮೀನು ಕೊಳ್ಳುವುದೂ ಜೋಡೆತ್ತು ಕೊಳ್ಳುವುದೂ ಸಂಸಾರಕ್ಕೆ ದೊಡ್ಡ ಖರ್ಚೇ. ಆದರೆ ಅಲ್ಲಿ ದುಡ್ಡು ಕೈಬಿಡುವ ಮೊದಲೇ ವಸ್ತುವೂ ಅದರ ಬೆಲೆಯೂ ಕಣ್ಣೆದುರು ಇರುತ್ತವೆ. ಮನೆ ಮತ್ತು ಮದುವೆ ಹಾಗಲ್ಲ. ಮೊದಲು ಶುರುವಾಗುತ್ತವೆ, ಏನೇನು ಬೇಕೆಂಬುದು ಆಮೇಲೆ, ನಾಲ್ಕು ಜನರ ನಡುವೆ, ಹಿಂದಕ್ಕೆ ಬರಲಾಗದ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ. ಗಾದೆ ಹೆದರಿಸುತ್ತಿರುವುದು ಬೆಲೆಯ ಬಗ್ಗೆ ಅಲ್ಲ, ಹೀಗೆ ಮುಂದೂಡಿದ ತೀರ್ಮಾನಗಳ ಬಗ್ಗೆ.

ಇದು ಬರೀ ಮಾತಿನ ವಾದವಲ್ಲ, ಲೆಕ್ಕ ಹಾಕಿಯೇ ನೋಡಬಹುದು. 10 ಚದರದ, ಅಂದರೆ 1,000 ಚದರ ಅಡಿಯ ಮನೆಯೊಂದಕ್ಕೆ ಅಡಿಗೆ 2,000 ರೂಪಾಯಿಯಂತೆ 20 ಲಕ್ಷ ಎಂದಿಟ್ಟುಕೊಳ್ಳೋಣ. ಕಟ್ಟಡದವರ ರೂಢಿಯ ಅಂದಾಜಿನಂತೆ ಅಡಿಗೆ ಸುಮಾರು 0.4 ಮೂಟೆ ಸಿಮೆಂಟ್, 4 ಕಿಲೋ ಕಬ್ಬಿಣ ಹಿಡಿದರೆ ಒಟ್ಟು 400 ಮೂಟೆ, 4 ಟನ್ ಆಯಿತು. ತೆರಿಗೆ ಬಿಟ್ಟು 280 ರೂಪಾಯಿ ಇರುವ ಮೂಟೆಯ ಮೇಲೆ ಶೇ 28 ಸೇರಿದರೆ 358, ಶೇ 18 ಸೇರಿದರೆ 330. ಮೂಟೆಗೆ 28 ರೂಪಾಯಿಯಂತೆ ಇಡೀ ಮನೆಗೆ ಉಳಿಯುವುದು ಸುಮಾರು 11,200 ರೂಪಾಯಿ, 20 ಲಕ್ಷದಲ್ಲಿ ಶೇ 1ರಷ್ಟೂ ಅಲ್ಲ. ‘ಬೆಲೆ ಏರಿದರೆ ಏನು ಮಾಡುತ್ತೀರಿ?’ ಎಂದು ಕೇಳುವವರಿಗೂ ಉತ್ತರ ಇದರಲ್ಲೇ ಇದೆ. ಸಿಮೆಂಟ್ ಮೂಟೆಗೆ 50 ರೂಪಾಯಿ, ಕಬ್ಬಿಣ ಕಿಲೋಗೆ 10 ರೂಪಾಯಿ ಒಟ್ಟಿಗೇ ಏರಿದರೂ ಹೆಚ್ಚಾಗುವುದು 60,000, ಅಂದರೆ ಶೇ 3. ಅದೇ, ಗೋಡೆ ಲಿಂಟಲ್ ಮಟ್ಟಕ್ಕೆ ಬಂದ ಮೇಲೆ ‘ಬಂದವರಿಗೆ ಇನ್ನೊಂದು ರೂಮ್ ಇರಲಿ’ ಎಂದು ಒಂದೇ ಒಂದು ಚದರ ಸೇರಿಸಿದರೆ 2 ಲಕ್ಷ. ಕಬ್ಬಿಣದ ದರವನ್ನು ದಿನಾ ವಿಚಾರಿಸುವ ಸಂಸಾರ ಆ ರೂಮಿನ ದರವನ್ನು ಒಮ್ಮೆಯೂ ವಿಚಾರಿಸಿರುವುದಿಲ್ಲ.

‘ಚದರಕ್ಕೆ ಇಷ್ಟು’ ಎಂಬ ದರ ಈ ಮುಂದೂಡಿಕೆಗೆ ಅನುಕೂಲ ಮಾಡಿಕೊಡುತ್ತದೆ. ಇನ್ನೂ ತೀರ್ಮಾನವಾಗದ ಮನೆಗೆ ಕಟ್ಟಿದ ಬೆಲೆ ಅದು. ವಿಜಯಪುರ, ಗದಗದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಪಾಯ ನುಂಗುವ ದುಡ್ಡೇ ಬೇರೆ, ಕರಾವಳಿಯ ಗಟ್ಟಿ ಮುರಕಲ್ಲಿನ ನೆಲದಲ್ಲಿ ಬೇಕಾಗುವ ದುಡ್ಡೇ ಬೇರೆ. ಸಂಪು, ಕಾಂಪೌಂಡು, ಗೇಟು, ವಿದ್ಯುತ್ ಸಂಪರ್ಕದ ಠೇವಣಿ, ನಕ್ಷೆ ಮಂಜೂರಾತಿಯ ಶುಲ್ಕ, ಬೆಂಗಳೂರಿನ 30×40 ಸೈಟಿನಲ್ಲೂ ಹೊಸ ಮನೆಗೆ ಕಡ್ಡಾಯವಾಗಿರುವ ಮಳೆನೀರು ಕೊಯ್ಲು, ಇವು ಯಾವುವೂ ಎಷ್ಟೋ ಸಲ ಆ ದರದೊಳಗೆ ಇರುವುದಿಲ್ಲ. ಪೋರ್ಟಿಕೊವನ್ನು ಪೂರ್ತಿ ಅಳೆಯಬೇಕೋ ಅರ್ಧವೋ ಎಂಬ ಜಗಳ ಬರುವುದು ಮೋಲ್ಡ್ ಹಾಕಿದ ಮೇಲೆ. ದರ ಚೌಕಾಸಿ ಮಾಡಿ ಇಳಿಸಿದೆವು ಎಂಬ ತೃಪ್ತಿಯೂ ನಿಲ್ಲುವಂಥದ್ದಲ್ಲ. ಇಳಿಸಿದ ದುಡ್ಡು ಹೊರಬರುವುದು ಕಣ್ಣಿಗೆ ಕಾಣದ ಕೆಲಸದಿಂದ. ಐಎಸ್ 456 ಸಂಹಿತೆಯ ಪ್ರಕಾರ ಸಾಧಾರಣ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸುವ ಪಿಪಿಸಿಯಂಥ ಮಿಶ್ರ ಸಿಮೆಂಟಿನದಕ್ಕೆ 10 ದಿನ ಕ್ಯೂರಿಂಗ್ ಬೇಕು. ಆ ನೀರಿಗೂ ನೀರು ಹಾಕುವವರ ಕೂಲಿಗೂ ಎಸ್ಟಿಮೇಟಿನಲ್ಲಿ ಒಂದು ಸಾಲು ಇಲ್ಲದಿದ್ದರೆ, ಮೂರನೆಯ ದಿನಕ್ಕೇ ಮೋಲ್ಡ್ ಒಣಗಿರುತ್ತದೆ.

ಮನೆಯೆಂದ ಮೇಲೆ ಮನಸ್ಸು ಬದಲಾಗುವುದು ಸಹಜ, ಹಾಗೆ ಬದಲಾಗಿಯೇ ಒಳ್ಳೆಯ ಕಟ್ಟಡಗಳು ಎದ್ದಿವೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ವಿಧಾನಸೌಧಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1951ರ ಜುಲೈನಲ್ಲಿ, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದಾಗ. ಮರುವರ್ಷ ಬಂದ ಕೆಂಗಲ್ ಹನುಮಂತಯ್ಯನವರು ವಿನ್ಯಾಸವನ್ನೇ ಹಿಗ್ಗಿಸಿದರು. 1956ರಲ್ಲಿ ಮುಗಿಯುವ ಹೊತ್ತಿಗೆ ಸುಮಾರು 1.84 ಕೋಟಿ ರೂಪಾಯಿ ಆಗಿತ್ತು, ಆ ಖರ್ಚು ರಾಜಕೀಯ ವಿವಾದವೂ ಆಯಿತು. ಕಟ್ಟಡ ನಾಡಿನ ಹೆಮ್ಮೆಯಾಯಿತು, ನಿಜ. ಆದರೆ ಆ ಮನಸ್ಸಿನ ಬದಲಾವಣೆಯ ಭಾರ ಹೊತ್ತದ್ದು ಸರ್ಕಾರದ ಬೊಕ್ಕಸ. ತಿಂಗಳ ಸಂಬಳದವನಿಗೆ, ಅಡಿಕೆ ಫಸಲು ನಂಬಿದವನಿಗೆ ಅಂಥ ಬೊಕ್ಕಸವಿಲ್ಲ. ಬ್ಯಾಂಕಿದೆಯಲ್ಲ ಎನ್ನಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದೊಳಗಿನ ಗೃಹಸಾಲ ಮೌಲ್ಯದ ಶೇ 90ರವರೆಗೆ ಸಿಗಬಹುದು. ಅದಕ್ಕಾಗಿಯೇ ಫೈಲಿಗೊಂದು ಉಬ್ಬಿಸಿದ ಎಸ್ಟಿಮೇಟು ತಯಾರಾಗುತ್ತದೆ, ಕಟ್ಟುವ ಕೈಗೆ ಯಾವುದೂ ಇರುವುದಿಲ್ಲ. ಎಸ್ಟಿಮೇಟು ಸಾಲಕ್ಕೆ ಬೇಕಾದ ಕಾಗದ ಎಂಬ ಭಾವನೆ ಹೋಗಬೇಕು. ಯಾವ ರೂಮಿಗೆ ಯಾವ ನೆಲ, ಎಷ್ಟು ಕಿಟಕಿ, ಮುಂದೆ ಮೇಲೊಂದು ಮಹಡಿ ಬರುವುದೋ ಇಲ್ಲವೋ ಎಂದು ಮನೆಯವರೆಲ್ಲ ಕೂತು ಒಪ್ಪಿಕೊಂಡದ್ದರ ಬರಹವಾಗಬೇಕು ಅದು.

ಇದೆಲ್ಲ ಎಂಜಿನಿಯರಿಗೆ ಶುಲ್ಕ ಕೊಡಬಲ್ಲವರ ಮಾತು, ಬಡವರು ಕೈಗೆ ದುಡ್ಡು ಬಂದಂತೆ ಒಂದೊಂದೇ ಗೋಡೆ ಏರಿಸುತ್ತಾರೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಆದರೆ ಹಂತಹಂತವಾಗಿ ಕಟ್ಟುವವರಿಗೇ ಮೊದಲ ಲೆಕ್ಕ ಹೆಚ್ಚು ಬೇಕು. ಮಹಡಿ ಏರಿಸುವ ಆಸೆಯಿದ್ದರೆ ಅದರ ಭಾರಕ್ಕೆ ತಕ್ಕ ಪಾಯ ಇವತ್ತೇ ಬೀಳಬೇಕು, ಇಲ್ಲದಿದ್ದರೆ ಆ ಆಸೆಗಾಗಿ ಮೇಲೆ ಬಿಟ್ಟ ಕಂಬಿಗಳು ತುಕ್ಕು ಹಿಡಿಯುವುದಷ್ಟೇ. ಇಲ್ಲಿ ತಪ್ಪು ಬಡವರದ್ದಲ್ಲ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ ನೆರವು 2016ರಲ್ಲಿ 1.20 ಲಕ್ಷ ರೂಪಾಯಿ ಇತ್ತು. 2024ರಲ್ಲಿ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಾಗಲೂ ಅಷ್ಟೇ ಉಳಿಯಿತು. ಯೋಜನೆಯೇ ಹೇಳುವ ಕನಿಷ್ಠ 25 ಚದರ ಮೀಟರಿಗೆ, ಅಂದರೆ ಸುಮಾರು 269 ಚದರ ಅಡಿಗೆ ಹಂಚಿದರೆ ಅಡಿಗೆ 446 ರೂಪಾಯಿ. ತನ್ನ ಕಟ್ಟಡಗಳಿಗೆ ಲೋಕೋಪಯೋಗಿ ಇಲಾಖೆಯ ದರಪಟ್ಟಿ ಹಿಡಿದು ಸಾಲುಸಾಲಾಗಿ ಎಸ್ಟಿಮೇಟು ಮಾಡಿಸುವ ಸರ್ಕಾರ, ಬಡವನ ಮನೆಗೆ ಮಾತ್ರ ಒಂದು ಇಡುಗಂಟು ತೋರಿಸಿ ಉಳಿದದ್ದನ್ನು ಅವನ ಸಾಲಕ್ಕೆ ಬಿಡುವುದು ಅನ್ಯಾಯ. ಜಿಲ್ಲೆಗಳಲ್ಲಿ ನಿರ್ಮಿತಿ ಕೇಂದ್ರಗಳಿವೆ. ಆಯಾ ತಾಲ್ಲೂಕಿನ ಮಣ್ಣು, ಕಲ್ಲು, ಕೂಲಿಯ ಪ್ರಕಾರ ಮೂರು ಚದರದ, ಆರು ಚದರದ ಮನೆಗಳ ಪೂರ್ತಿ ಎಸ್ಟಿಮೇಟನ್ನು ಕನ್ನಡದಲ್ಲಿ ಬರೆದು, ವರ್ಷಕ್ಕೊಮ್ಮೆ ದರ ತಿದ್ದಿ, ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ ಯಾರು ಬೇಕಾದರೂ ಪಡೆಯುವಂತೆ ಇಡುವ ಹೊಣೆಯನ್ನು ಅವಕ್ಕೆ ವಹಿಸಬೇಕು.